ತೊಲ್ಬಿಯಾಕ್ ಸೇತುವೆಯ ಮಂಜು

ಪತ್ತೇದಾರಿ ಕಾದಂಬರಿಯಲ್ಲಿ ಊರಿಗೆ ಹೆಚ್ಚಿನ ಮರ್ಯಾದೆ ಇರುವುದಿಲ್ಲ. ಕೊಲೆ ಎಲ್ಲಾದರೂ ನಡೆಯಬೇಕಲ್ಲ, ಅದಕ್ಕೊಂದು ಬೀದಿ, ಒಂದು ಮನೆ ಬೇಕು, ಅಷ್ಟೆ. ಕೊಲೆಗಾರ ಸಿಕ್ಕಿಬಿದ್ದ ಮೇಲೆ ಆ ಬೀದಿ ಯಾರಿಗೂ ನೆನಪಿರುವುದಿಲ್ಲ. ಫ್ರೆಂಚ್ ಚಿತ್ರಕಾರ ಜಾಕ್ ತಾರ್ದಿಯ ‘ತೊಲ್ಬಿಯಾಕ್ ಸೇತುವೆಯ ಮಂಜು’ ಎಂಬ ಗ್ರಾಫಿಕ್ ಕಾದಂಬರಿಯಲ್ಲಿ ಮಾತ್ರ ಇದು ತಿರುವುಮುರುವಾಗಿದೆ. ಓದಿ ಮುಗಿಸಿದ ಮೇಲೆ ಕೊಲೆಗಾರ ಮರೆತುಹೋಗುತ್ತಾನೆ, ಬೀದಿ ಉಳಿದುಬಿಡುತ್ತದೆ.

ಕಥೆ ತಾರ್ದಿಯದಲ್ಲ, ಲಿಯೋ ಮಾಲೆಯದು. 1909ರಲ್ಲಿ ಮೋಂಪೆಲಿಯೆಯಲ್ಲಿ ಹುಟ್ಟಿದ ಮಾಲೆ ಹದಿಹರೆಯದಲ್ಲೇ ಪ್ಯಾರಿಸ್ಸಿಗೆ ಬಂದವನು. ಕೈಯಲ್ಲಿ ಕಾಸಿರಲಿಲ್ಲ. ತೊಲ್ಬಿಯಾಕ್ ಬೀದಿಯಲ್ಲಿ ಅರಾಜಕತಾವಾದಿಗಳು ನಡೆಸುತ್ತಿದ್ದ ಸಸ್ಯಾಹಾರಿ ವಸತಿಗೃಹವೊಂದರಲ್ಲಿ ಕೆಲಕಾಲ ತಂಗಿದ್ದ. ಮುಂದೆ ಕಾದಂಬರಿಕಾರನಾಗಿ ನೆಸ್ತರ್ ಬ್ಯುರ್ಮಾ ಎಂಬ ಖಾಸಗಿ ಪತ್ತೇದಾರನನ್ನು ಸೃಷ್ಟಿಸಿದ. 1954ರಲ್ಲಿ ಅವನಿಗೊಂದು ಹಟ ಹಿಡಿಯಿತು: ಪ್ಯಾರಿಸ್ಸಿನಲ್ಲಿ ಇಪ್ಪತ್ತು ವಾರ್ಡುಗಳಿವೆ, ಒಂದೊಂದು ವಾರ್ಡಿಗೆ ಒಂದೊಂದು ಕಾದಂಬರಿ ಬರೆಯಬೇಕು. ಹದಿನೈದು ಬರೆದ. ಉಳಿದ ಐದು ಹಾಗೇ ಉಳಿದವು.

ಅವುಗಳಲ್ಲಿ 13ನೇ ವಾರ್ಡಿನದು ಅವನ ಸ್ವಂತ ಹರೆಯದ ಕಥೆಯೂ ಹೌದು. ಹಳೆಯ ಗೆಳೆಯನೊಬ್ಬ ಆಸ್ಪತ್ರೆಯಿಂದ ಬರೆದ ಪತ್ರ ಬ್ಯುರ್ಮಾನ ಕೈಸೇರುತ್ತದೆ. ಅವನು ಅಲ್ಲಿಗೆ ತಲುಪುವಷ್ಟರಲ್ಲಿ ಗೆಳೆಯ ತೀರಿಕೊಂಡಿರುತ್ತಾನೆ. ಜಾಡು ಹಿಡಿದು ಹೊರಟರೆ ದಾರಿ 1936ಕ್ಕೆ ಹೋಗುತ್ತದೆ. ಅಂದು ಹಣ ಸಾಗಿಸುತ್ತಿದ್ದ ನೌಕರನೊಬ್ಬ ಸೇನ್ ನದಿಯ ತೊಲ್ಬಿಯಾಕ್ ಸೇತುವೆಯ ಬಳಿ ಕಾಣೆಯಾಗಿದ್ದ. ಒಂದು ಕಾಲದಲ್ಲಿ ಜಗತ್ತನ್ನೇ ಬದಲಿಸುತ್ತೇವೆ ಎಂದು ಹೊರಟಿದ್ದ ಸಂಗಾತಿಗಳು ಆಮೇಲೆ ಏನಾದರು, ಯಾರು ಬಡವರಾಗಿಯೇ ಉಳಿದರು, ಯಾರು ಗಣ್ಯರಾದರು, ಕಥೆಯ ನಿಜವಾದ ಒಗಟು ಅಲ್ಲಿದೆ. ಗೆಳೆಯ ವಾಸವಿದ್ದದ್ದು ‘ಒತ್ ಫೋರ್ಮ್’ ಎಂಬ ಓಣಿಯಲ್ಲಿ, ಕೂಲಿಕಾರರ, ಚಿಂದಿ ಆಯುವವರ ನಡುವೆ.

ಮಾಲೆಯ ಕಾದಂಬರಿ ಬಂದದ್ದು 1956ರಲ್ಲಿ. ತಾರ್ದಿ ಅದನ್ನು ಚಿತ್ರಗಳಿಗೆ ಇಳಿಸಿದ್ದು ಕಾಲು ಶತಮಾನದ ಬಳಿಕ. 1982ರಲ್ಲಿ ಅದು ಪುಸ್ತಕವಾಯಿತು. ನಡುವಿನ ವರ್ಷಗಳಲ್ಲಿ 13ನೇ ವಾರ್ಡಿನ ಮುಖವೇ ಬದಲಾಗಿತ್ತು. 1960ರ ದಶಕದಲ್ಲಿ ಶುರುವಾದ ‘ಇತಾಲೀ 13’ ಎಂಬ ನಗರ ನವೀಕರಣ ಯೋಜನೆ ಹಳೆಯ ಮನೆ, ಕಾರ್ಖಾನೆಗಳನ್ನು ಕೆಡವಿ ಗಗನಚುಂಬಿ ಕಟ್ಟಡಗಳನ್ನು ಎಬ್ಬಿಸಿತು. 1970ರ ದಶಕದ ನಡುಭಾಗದಲ್ಲಿ ಯೋಜನೆ ಅರ್ಧಕ್ಕೇ ನಿಂತಿತು. ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್‌ಗಳಿಂದ ಓಡಿಬಂದ ನಿರಾಶ್ರಿತರು ಆ ಗೋಪುರಗಳಲ್ಲಿ ನೆಲೆಸಿದರು. ‘ಒತ್ ಫೋರ್ಮ್’ ಓಣಿಯೂ ಉಳಿಯಲಿಲ್ಲ. ಆ ಜಾಗದಲ್ಲಿ ವಾಸ್ತುಶಿಲ್ಪಿ ಕ್ರಿಸ್ತಿಯಾ ದ ಪೋರ್ಜಾಂಪಾರ್ಕ್ ವಿನ್ಯಾಸ ಮಾಡಿದ ಹೊಸ ವಸತಿ ಸಮುಚ್ಚಯ 1979ರ ಹೊತ್ತಿಗೆ ಎದ್ದು ನಿಂತಿತ್ತು.

ಅಂದರೆ ತಾರ್ದಿ ಪತ್ತೇದಾರಿ ಕಥೆಯೊಂದಕ್ಕೆ ಚಿತ್ರ ಬರೆಯುತ್ತಲೇ ಸ್ವತಃ ಪತ್ತೇದಾರಿಕೆಗೆ ಇಳಿಯಬೇಕಾಯಿತು. ಕಾಣೆಯಾದದ್ದು ಒಂದು ಬಡಾವಣೆ. ಸುಳಿವುಗಳು ಹಳೆಯ ಫೋಟೋಗಳು ಮತ್ತು ಇನ್ನೂ ಬೀಳದೆ ನಿಂತಿದ್ದ ಗೋಡೆಗಳು. ಅವನು ಮನುಷ್ಯರ ಮುಖವನ್ನು ನಾಲ್ಕೇ ಗೆರೆಯಲ್ಲಿ ಮುಗಿಸುತ್ತಾನೆ. ಆದರೆ ಕಬ್ಬಿಣದ ಕಂಬ, ಅಂಗಡಿಯ ಬೋರ್ಡು, ಮಳೆಗೆ ನೆನೆದ ಕಲ್ಲುಹಾಸು ಬಂದಾಗ ಅವನ ಪೆನ್ನು ನಿಧಾನವಾಗುತ್ತದೆ. ಕಪ್ಪು ಬಿಳುಪಿನ ಚೌಕಟ್ಟುಗಳಲ್ಲಿ ಬೂದುಬಣ್ಣದ ನವೆಂಬರ್ ತುಂಬಿಕೊಳ್ಳುತ್ತದೆ. ಬ್ಯುರ್ಮಾ ಸುಮ್ಮನೆ ನಡೆಯುವ ಪುಟಗಳಲ್ಲೂ ಓದುಗನ ಕಣ್ಣು ಗೋಡೆಯಿಂದ ಗೋಡೆಗೆ ಸುಳಿವು ಹುಡುಕುತ್ತದೆ.

ಇದನ್ನು ಇತಿಹಾಸ ಎನ್ನಬಹುದೇ? ದಾಖಲೆ ಎಂಬ ಅರ್ಥದಲ್ಲಿ ಅಲ್ಲ. ಚಿತ್ರಕಾರ ಆರಿಸುತ್ತಾನೆ, ಬಿಡುತ್ತಾನೆ, ಮಂಜು ತನಗೆ ಬೇಕಾದಲ್ಲಿ ಸುರಿಸುತ್ತಾನೆ. ಆದರೆ ನಗರಪಾಲಿಕೆಯ ಕಡತದಲ್ಲಿ ಆ ಓಣಿ ‘ತೆರವುಗೊಳಿಸಬೇಕಾದ ಪ್ರದೇಶ’ ಅಷ್ಟೇ ಆಗಿದ್ದೀತು. ತಾರ್ದಿಯ ಪುಟದಲ್ಲಿ ಅದು ಒಬ್ಬ ಮನುಷ್ಯ ಬದುಕಿದ್ದ ಜಾಗ. ಕೊಲೆಗಾರ ಹೆಣವನ್ನು ಹೂಳುತ್ತಾನೆ. ನಗರ ತನ್ನ ಬಡವರ ಬೀದಿಯನ್ನು ಹೂಳುತ್ತದೆ. ಎರಡೂ ಕಡೆ ಅಗೆಯುವವನೊಬ್ಬ ಬೇಕಾಗುತ್ತಾನೆ.

ಕಳೆದುಹೋದದ್ದನ್ನು ಹೀಗೆ ಮತ್ತೆ ಕಟ್ಟುವುದು ಒಂದು ಬಗೆ. ಕಣ್ಣೆದುರಿಗೆ ಇರುವಾಗಲೇ ಬರೆದಿಟ್ಟುಕೊಳ್ಳುವುದು ಇನ್ನೊಂದು. 2007ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಪತ್ರಿಕಾ ಚಿತ್ರಕಾರ ಗೇಬ್ರಿಯಲ್ ಕಂಪನಾರಿಯೋ ಶುರುಮಾಡಿದ ‘ಅರ್ಬನ್ ಸ್ಕೆಚರ್ಸ್’ ಇಂದು ಬೆಂಗಳೂರೂ ಸೇರಿದಂತೆ ಹಲವು ದೇಶಗಳ ಊರುಗಳಲ್ಲಿದೆ. ಅವರ ನಿಯಮ ಸರಳ: ಸ್ಥಳದಲ್ಲೇ ಕೂತು ಬರೆಯಬೇಕು, ಕಂಡದ್ದಕ್ಕೆ ನಿಷ್ಠರಾಗಿರಬೇಕು. ಚಹಾದಂಗಡಿ, ಬಸ್ ನಿಲ್ದಾಣ, ತರಕಾರಿ ಗಾಡಿ, ಯಾವುದೂ ಕ್ಷುಲ್ಲಕವಲ್ಲ. ಭಾನುವಾರ ಬೆಳಿಗ್ಗೆ ಪುಟಪಾತಿನ ಮೇಲೆ ಕೂತು ಒಬ್ಬ ವಿದ್ಯಾರ್ಥಿ ಬರೆದ ಚಿತ್ರ, ಮೂವತ್ತು ವರ್ಷದ ನಂತರ ಯಾವನೋ ತಾರ್ದಿ ಹುಡುಕಿಕೊಂಡು ಬರುವ ಸುಳಿವಾಗಬಹುದು.

ತೊಲ್ಬಿಯಾಕ್ ಸೇತುವೆ ಈಗಲೂ ಇದೆ. ಅದರ ಹತ್ತಿರ ರೈಲ್ವೆ ಜಾಗದಲ್ಲಿ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ ಎದ್ದಿದೆ, ತೆರೆದ ಪುಸ್ತಕಗಳಂತೆ ನಿಂತ ನಾಲ್ಕು ಗೋಪುರಗಳು. ಅದು ಓದುಗರಿಗೆ ಬಾಗಿಲು ತೆರೆದದ್ದು 1996ರ ಡಿಸೆಂಬರಿನಲ್ಲಿ. ಅದೇ ವರ್ಷ ಮಾರ್ಚಿನಲ್ಲಿ ಲಿಯೋ ಮಾಲೆ ತೀರಿಕೊಂಡಿದ್ದ.