ಮುರಿದ ಫಿನ್ಸ್, ಮುಚ್ಚಿದ ಕಾರ್ಖಾನೆ: ನಮ್ಮ ಸೀಮೆಯ ಹಳೆ ಬೈಕುಗಳ ಕತೆ

ಜಾವಾ, ಯೆಜ್ಡಿ, ಬುಲೆಟ್, ರಾಜದೂತ್. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಈ ಹೆಸರು ಎತ್ತಿದರೆ ಐವತ್ತು ದಾಟಿದವರ ಮುಖ ಅರಳುತ್ತದೆ. ಆದರೆ ಆ ಗಾಡಿಗಳು ಈಗ ಎಲ್ಲಿವೆ ಎಂದು ಕೇಳಿದರೆ ದನದ ಕೊಟ್ಟಿಗೆಯ ಮೂಲೆ ತೋರಿಸುತ್ತಾರೆ. ಮೇಲೆ ಗೊಬ್ಬರದ ಚೀಲ, ಕೆಳಗೆ ತುಕ್ಕು. ಗುಜರಿಯವರು ಬಂದು ಕೆ.ಜಿ. ಲೆಕ್ಕದಲ್ಲಿ ಕೇಳುತ್ತಾರೆ. ಎಂಜಿನ್ ಒಡೆದಿದೆ, ಇನ್ನೇನು ಮಾಡೋದು ಎಂದು ಮನೆಯವರು ಕೊಟ್ಟುಬಿಡುತ್ತಾರೆ.

ಹತ್ತಿರ ಹೋಗಿ ನೋಡಿದರೆ ಎಷ್ಟೋ ಸಲ ಎಂಜಿನ್ ಒಡೆದಿರುವುದಿಲ್ಲ. ಅದರ ಸುತ್ತ ಬಾಚಣಿಗೆ ಹಲ್ಲಿನಂತೆ ಇರುವ ಫಿನ್ಸ್ ಮುರಿದಿರುತ್ತವೆ, ಅಷ್ಟೇ. ಈ ಫಿನ್ಸ್ ಏನು, ಅವು ನಮ್ಮ ಸೀಮೆಗೆ ಬಂದದ್ದು ಹೇಗೆ, ಮುರಿದರೆ ಕೂಡಿಸುವ ವಿದ್ಯೆ ಯಾವುದು ಎಂದು ಈ ಬರಹದಲ್ಲಿ ನೋಡೋಣ.

ಗಾಳಿಗೆ ಒಡ್ಡಿದ ಕಬ್ಬಿಣ

ಎಂಜಿನ್ ಒಳಗೆ ಪೆಟ್ರೋಲ್ ಉರಿಯುತ್ತದೆ. ಆ ಶಾಖದಲ್ಲಿ ಒಂದು ಪಾಲು ಮಾತ್ರ ಗಾಡಿ ಓಡಿಸುತ್ತದೆ, ಉಳಿದದ್ದು ಹೊರಗೆ ಹೋಗಬೇಕು. ಹೋಗದಿದ್ದರೆ ಪಿಸ್ಟನ್ ಉಬ್ಬಿ ಬ್ಲಾಕಿಗೆ ಕಚ್ಚಿಕೊಳ್ಳುತ್ತದೆ. ಗಾಡಿ ಸೀಜ್ ಆಯ್ತು ಎನ್ನುತ್ತೇವಲ್ಲ, ಅದು ಇದೇ.

ಶಾಖ ಹೊರಗೆ ಹಾಕಲು ಮೊದಲಿನಿಂದ ಇರುವುದು ಎರಡು ದಾರಿ, ನೀರು ಇಲ್ಲವೇ ಗಾಳಿ. 1894ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆಂದು ತಯಾರಾದ ಹಿಲ್ಡೆಬ್ರಾಂಡ್ ಅಂಡ್ ವುಲ್ಫ್‌ಮುಲ್ಲರ್ ಬೈಕಿನ ಎಂಜಿನ್ ನೀರಿನಿಂದ ತಣಿಯುತ್ತಿತ್ತು. ಬೈಕಿನ ಮೇಲೆ ನೀರಿನ ತೊಟ್ಟಿ ಹೊರುವುದು ಕಷ್ಟದ ಕೆಲಸ. ಆದ್ದರಿಂದ ಗಾಳಿಯೇ ಗೆದ್ದಿತು. ಬ್ಲಾಕಿನ ಸುತ್ತ ತೆಳ್ಳನೆ ಪಟ್ಟಿಗಳನ್ನು ಸೇರಿಸಿ ಎರಕ ಹೊಯ್ದರೆ ಗಾಳಿಗೆ ತಾಗುವ ಜಾಗ ಹಲವು ಪಟ್ಟು ಹೆಚ್ಚುತ್ತದೆ. ಬಿಸಿ ಅನ್ನವನ್ನು ಅಗಲ ತಟ್ಟೆಗೆ ಹರವಿ ಆರಿಸುವ ಲೆಕ್ಕವೇ ಇದು.

ಬಳ್ಳಾರಿಯ ಬೇಸಿಗೆಯಲ್ಲಿ ಈ ಲೆಕ್ಕ ಬಿಗಿಯಾಗುತ್ತದೆ. ಫಿನ್ಸ್ 150 ಡಿಗ್ರಿ ಇದೆ ಎಂದುಕೊಳ್ಳಿ. ಗಾಳಿ 20 ಡಿಗ್ರಿ ಇದ್ದರೆ ನಡುವಿನ ಅಂತರ 130. ನಮ್ಮ ಮೇ ತಿಂಗಳಲ್ಲಿ ಗಾಳಿಯೇ 40 ಡಿಗ್ರಿ ಆದಾಗ ಅಂತರ 110ಕ್ಕೆ ಇಳಿಯುತ್ತದೆ. ಅಂದರೆ ಅದೇ ಫಿನ್ಸ್ ಸುಮಾರು ಶೇ 15ರಷ್ಟು ಕಡಿಮೆ ಶಾಖ ಬಿಡುತ್ತದೆ. ಅದರ ಮೇಲೆ ಹಿಂದೆ ಎರಡು ಚೀಲ ಹೇರಿಕೊಂಡು ಕಾಲುವೆ ಏರಿ ಮೇಲೆ ನಿಧಾನಕ್ಕೆ ಹೋದರೆ ಗಾಳಿಯೂ ಸಾಲುವುದಿಲ್ಲ.

ಬೈಕು ಬಂದ ದಿಕ್ಕುಗಳು

ಬಳ್ಳಾರಿ 1800ರಿಂದ ಬ್ರಿಟಿಷರ ಕೈಯಲ್ಲಿತ್ತು, ಮದ್ರಾಸು ಪ್ರಾಂತ್ಯದ ಜಿಲ್ಲೆ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ತುಂಗಭದ್ರಾ ಅಣೆಕಟ್ಟೆ ನೀರು ಬಿಡತೊಡಗಿದ್ದೂ ಅದೇ ವರ್ಷ. ನೀರು ಬಂದ ಮೇಲೆ ಸಿರುಗುಪ್ಪದ ಎರೆ ನೆಲ ಭತ್ತದ ಗದ್ದೆಯಾಯಿತು. ಭತ್ತ ಬಂದಲ್ಲಿ ರೊಕ್ಕ ಓಡಾಡಿತು, ರೊಕ್ಕ ಓಡಾಡಿದಲ್ಲಿಗೆ ಬೈಕು ಬಂತು.

ಮದ್ರಾಸಿನ ದಿಕ್ಕಿನಲ್ಲಿ ಬುಲೆಟ್ ಇತ್ತು. ಅಲ್ಲಿನ ತಿರುವೊಟ್ಟಿಯೂರಿನಲ್ಲಿ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು. ಮೈಸೂರಿನ ದಿಕ್ಕಿನಲ್ಲಿ ಜಾವಾ ಇತ್ತು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಬಾಗಿಲು ತೆರೆಯಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. ಬೈಕಿನ ಮೂಲ ಚೆಕ್ ದೇಶದ್ದು. ಅಲ್ಲಿನ ಯಾನೆಚೆಕ್ ಎಂಬಾತ 1929ರಲ್ಲಿ ವಾಂಡರರ್ ಎಂಬ ಕಂಪನಿಯ ಬೈಕು ತಯಾರಿಸುವ ಹಕ್ಕು ಕೊಂಡ. ಎರಡು ಹೆಸರಿನ ಮೊದಲ ಅಕ್ಷರಗಳು ಸೇರಿ ಜಾವಾ ಆಯಿತು. 1970ರ ದಶಕದಲ್ಲಿ ಮೈಸೂರಿನ ಬೈಕಿಗೆ ಯೆಜ್ಡಿ ಎಂದು ಹೊಸ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು.

ಕಿಕ್ ಹೊಡೆದ ರಾಡನ್ನೇ ಮುಂದಕ್ಕೆ ಮಡಚಿ ಗೇರ್ ಹಾಕುವ ಗಾಡಿ ಅದು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಟೂ ಸ್ಟ್ರೋಕ್ ಆದ್ದರಿಂದ ಪ್ರತಿ ಸುತ್ತಿಗೂ ಒಮ್ಮೆ ಒಳಗೆ ಬೆಂಕಿ ಬೀಳುತ್ತದೆ. ಬುಲೆಟ್‌ನಲ್ಲಿ ಎರಡು ಸುತ್ತಿಗೆ ಒಮ್ಮೆ. ಹಾಗಾಗಿ ಜಾವಾ, ಯೆಜ್ಡಿಗೆ ಫಿನ್ಸ್ ಮೇಲೆ ಭಾರ ಹೆಚ್ಚು.

1985ರ ಹೊತ್ತಿಗೆ ಹೀರೋ ಹೋಂಡಾ, ಯಮಹಾ ಆರ್‌ಎಕ್ಸ್ 100 ತರಹದ ಜಪಾನಿ ನೂರು ಸಿ.ಸಿ. ಗಾಡಿಗಳು ಬಂದವು. ಹೊಗೆಯ ನಿಯಮ ಬಿಗಿಯಾಯಿತು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಅಂದಿನಿಂದ ಅಲ್ಲಿ ಬ್ಲಾಕ್ ಎರಕ ಹೊಯ್ಯುವುದೂ ನಿಂತಿತು. ಅದುವರೆಗೆ ಬ್ಲಾಕ್ ಒಡೆದರೆ ಹೊಸದು ತರಿಸಬಹುದಿತ್ತು. ಆಮೇಲೆ ಉಳಿದದ್ದು ಹಳೆಯದನ್ನೇ ಕೂಡಿಸುವ ದಾರಿ.

ಮುರಿಯುವುದು ಹೇಗೆ

ಹಳೆ ಜಾವಾ, ಬುಲೆಟ್‌ಗಳಲ್ಲಿ ಬ್ಲಾಕ್ ಬೀಡಿನದು, ಮೇಲಿನ ಹೆಡ್ ಅಲ್ಯೂಮಿನಿಯಂನದು. ಬೀಡು ಬಗ್ಗುವುದಿಲ್ಲ, ಏಟು ಬಿದ್ದರೆ ಚಿಪ್ಪಿನಂತೆ ಹಾರುತ್ತದೆ. ಅಲ್ಯೂಮಿನಿಯಂ ಸ್ವಲ್ಪ ಬಗ್ಗುತ್ತದೆ, ತಣ್ಣಗಿರುವಾಗ ಹಿಂದಕ್ಕೆ ಬಗ್ಗಿಸಹೋದರೆ ಬುಡದಲ್ಲೇ ಕಡಿಯುತ್ತದೆ.

ಗಾಡಿ ಬಿದ್ದು ಮುರಿಯುವುದು ಒಂದು ಬಗೆ. ಆದರೆ ಹೆಚ್ಚು ಹಾಳು ಮಾಡುವುದು ರಿಪೇರಿಯೇ. ಹೆಡ್ ಬಿಚ್ಚಲು ಬರದಿದ್ದಾಗ ಫಿನ್ಸ್ ನಡುವೆ ಸ್ಕ್ರೂಡ್ರೈವರ್ ಹಾಕಿ ಮೀಟುತ್ತಾರೆ, ಸುತ್ತಿಗೆಯಲ್ಲಿ ತಟ್ಟುತ್ತಾರೆ. ಬಲ ಬೀಳಬೇಕಾದ್ದು ದಪ್ಪ ಭಾಗದ ಮೇಲೆ, ಅದೂ ಮರದ ಕೊಡತಿಯಿಂದ.

ಕೂಡಿಸುವ ವಿದ್ಯೆ

ಬೀಡಿಗೆ ಹಳೆ ಮೇಸ್ತ್ರಿಗಳ ದಾರಿ ಹಿತ್ತಾಳೆ ವೆಲ್ಡಿಂಗ್. ಮುರಿದ ಚೂರು ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಬೋರ್ ಪೂರ್ತಿ ಸವೆದು ಹೋದ ಅದೇ ಜಾತಿಯ ಬ್ಲಾಕಿನಿಂದ ಒಂದು ತುಂಡು ಕತ್ತರಿಸುತ್ತಾರೆ. ಮೊದಲು ಎಣ್ಣೆ, ಜಿಡ್ಡು ಒಂದಿಷ್ಟೂ ಇಲ್ಲದಂತೆ ತೊಳೆಯಬೇಕು. ಕೂಡುವ ಎರಡೂ ಅಂಚನ್ನು ಇಳಿಜಾರಾಗಿ ಅರದಿಂದ ಉಜ್ಜಬೇಕು. ಆಮೇಲೆ ಇಡೀ ಬ್ಲಾಕನ್ನು ನಿಧಾನಕ್ಕೆ ಬಿಸಿ ಮಾಡಬೇಕು. ಒಂದೇ ಜಾಗ ಕಾಯಿಸಿದರೆ ಅಲ್ಲಿ ಉಬ್ಬಿ, ಪಕ್ಕದಲ್ಲಿ ಹೊಸ ಬಿರುಕು ಬರುತ್ತದೆ. ಬಿಳಿಗಾರ ಹಾಕಿ, 900 ಡಿಗ್ರಿ ಆಸುಪಾಸಿನಲ್ಲಿ ಹಿತ್ತಾಳೆ ಕಡ್ಡಿ ಕರಗಿಸಿ ಸಂದಿಗೆ ಹರಿಸುತ್ತಾರೆ. ಬೀಡು ಕರಗುವುದಿಲ್ಲ, ಹಿತ್ತಾಳೆ ಅದನ್ನು ಹಿಡಿದುಕೊಳ್ಳುತ್ತದೆ.

ಕೊನೆಯ ಹಂತದಲ್ಲಿ ತಾಳ್ಮೆ ಬೇಕು. ಬಿಸಿ ಬ್ಲಾಕನ್ನು ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ಹೂತು ರಾತ್ರಿಯಿಡೀ ಬಿಡಬೇಕು. ಗಾಳಿಗಿಟ್ಟರೆ, ನೀರು ಸುರಿದರೆ ಬಿರಿಯುತ್ತದೆ. ಮರುದಿನ ಲೇತಿನವರ ಹತ್ತಿರ ಬೋರ್ ಅಳೆಸಬೇಕು. ಶಾಖಕ್ಕೆ ದುಂಡಗಿದ್ದದ್ದು ಓರೆಯಾಗಿದ್ದರೆ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಬೇಕಾಗುತ್ತದೆ.

ಅಲ್ಯೂಮಿನಿಯಂ ಹೆಡ್‌ನ ಕಷ್ಟ ಬೇರೆ. ಅದು ಸುಮಾರು 660 ಡಿಗ್ರಿಗೆ ಕರಗುತ್ತದೆ, ಆದರೆ ಕಬ್ಬಿಣದ ಹಾಗೆ ಕೆಂಪಾಗಿ ಮುನ್ಸೂಚನೆ ಕೊಡುವುದಿಲ್ಲ. ನೋಡುತ್ತಿದ್ದಂತೆ ಕುಸಿದುಬಿಡುತ್ತದೆ. ಗ್ಯಾಸ್ ವೆಲ್ಡಿಂಗ್‌ನವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಆಕ್ಸಿಜನ್ ಕಡಿಮೆ ಮಾಡಿ ಉರಿಯ ಮಸಿಯನ್ನು ಹೆಡ್‌ಗೆ ಹಿಡಿಸುತ್ತಾರೆ. ಆಮೇಲೆ ಸರಿಯಾದ ಉರಿಯಲ್ಲಿ ಕಾಯಿಸುವಾಗ ಮಸಿ ಸುಟ್ಟು ಮಾಯವಾದರೆ ಶಾಖ ಸಾಕು ಎಂದರ್ಥ. ಈಗ ಆರ್ಗಾನ್ ವೆಲ್ಡಿಂಗ್ ಬಂದ ಮೇಲೆ ಈ ಕೆಲಸ ಸುಲಭವಾಗಿದೆ, ಗೆರೆಯೂ ಕಾಣುವುದಿಲ್ಲ.

ನಾವು ಸುತ್ತಾಡಿ ನೋಡಿದಂತೆ ಸಿರುಗುಪ್ಪ, ಕುರುಗೋಡಿನ ಗ್ಯಾರೇಜುಗಳಲ್ಲಿ ದಿನದ ಕೆಲಸವೆಲ್ಲ ಹೊಸ ಗಾಡಿಗಳದ್ದು. ಬ್ಲಾಕಿನ ಕೆಲಸಕ್ಕೆ ಬಳ್ಳಾರಿಗೇ ಹೋಗಬೇಕು. ಅಲ್ಲೂ ಬೀಡಿಗೆ ಹಿತ್ತಾಳೆ ಕೂಡಿಸುವವರು ವಯಸ್ಸಾದವರು. ಹುಡುಗರು ಕಲಿಯುವುದು ಆರ್ಗಾನ್. ಬೂದಿಯಲ್ಲಿ ಹೂತು ರಾತ್ರಿ ಕಾಯುವ ಕೆಲಸಕ್ಕೆ ಕೂಲಿ ಗಿಟ್ಟುವುದಿಲ್ಲ ಎಂಬುದೂ ನಿಜ.

ಎಲ್ಲ ಮುರುಕಿಗೂ ರಿಪೇರಿ ಬೇಕಿಲ್ಲ

ಒಂದು ಫಿನ್ಸ್‌ನ ಮೂಲೆ ಹಾರಿದ್ದರೆ ಎಂಜಿನ್ ಬಿಸಿ ಹೆಚ್ಚುವುದಿಲ್ಲ. ಅಂಚನ್ನು ಅರದಿಂದ ನುಣುಪು ಮಾಡಿ ಬಿಟ್ಟರೆ ಸಾಕು. ಎರಡು ಮೂರು ಫಿನ್ಸ್ ಬುಡದಿಂದ ಹೋಗಿದ್ದರೆ, ಅದರಲ್ಲೂ ಸೈಲೆನ್ಸರ್ ಬಾಯಿಯ ಕಡೆ ಹೋಗಿದ್ದರೆ, ಕೂಡಿಸುವುದು ಒಳ್ಳೆಯದು. ಬಿರುಕು ಬುಡ ದಾಟಿ ಬ್ಲಾಕಿನ ಗೋಡೆಗೆ ಇಳಿದಿದ್ದರೆ ಗಾಡಿ ಓಡಿಸಲೇಬೇಡಿ, ಮೊದಲು ಮೇಸ್ತ್ರಿಗೆ ತೋರಿಸಿ. ಅಂಟಿನಿಂದ ಅಂಟಿಸಿದ ತುಂಡು ನೋಡಲು ಚೆಂದ, ಶಾಖ ದಾಟಿಸುವುದಿಲ್ಲ.

ಮುರಿದ ಫಿನ್ಸ್‌ಗಿಂತ ಮುಚ್ಚಿದ ಫಿನ್ಸ್ ಅಪಾಯ. ಗದ್ದೆಯ ಎರೆ ಮಣ್ಣು ಸಂದಿಯಲ್ಲಿ ಒಣಗಿ ಕೂತರೆ ಗಾಳಿ ಹೋಗುವುದೇ ಇಲ್ಲ. ಎಂಜಿನ್ ಪೂರ್ತಿ ಆರಿದ ಮೇಲೆ ಕಡ್ಡಿ, ಬ್ರಷ್‌ನಿಂದ ತೆಗೆಯಿರಿ. ಬಿಸಿ ಇರುವಾಗ ನೀರು ಹೊಡೆಯಬೇಡಿ. ಚೆಂದಕ್ಕೆಂದು ದಪ್ಪ ಬಣ್ಣ ಬಳಿಯುವುದೂ ಕಂಬಳಿ ಹೊದಿಸಿದಂತೆ. ಶಾಖ ತಡೆಯುವ ಕಪ್ಪು ಬಣ್ಣ ತೆಳ್ಳಗೆ ಒಂದು ಸಲ ಸಾಕು.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ಕಂಪನಿಯಿಂದ ಮತ್ತೆ ಬಂದಿವೆ. ಎಂಜಿನ್ ಈಗ ನೀರಿನಿಂದ ತಣಿಯುತ್ತದೆ. ಆದರೂ ಹೊಸ ಜಾವಾ ಬ್ಲಾಕಿನ ಮೇಲೆ ಫಿನ್ಸ್ ಇಟ್ಟಿದ್ದಾರೆ. ಜನಕ್ಕೆ ಆ ರೂಪ ಬೇಕು ಎಂದು ಅವರಿಗೆ ಗೊತ್ತು.

ನಮ್ಮ ಕೊಟ್ಟಿಗೆಗಳಲ್ಲಿ ಇರುವುದು ಅದರ ಅಸಲು. ಗುಜರಿಗೆ ಹೋದ ಬ್ಲಾಕ್ ಕುಲುಮೆಯಲ್ಲಿ ಕರಗಿ ಇನ್ನೇನೋ ಆಗುತ್ತದೆ, ಮೈಸೂರಿನಲ್ಲಿ ಅದನ್ನು ಮತ್ತೆ ಎರಕ ಹೊಯ್ಯುವವರಿಲ್ಲ. ಓಡದ ಬ್ಲಾಕ್ ಕೂಡ ಇನ್ನೊಂದು ಗಾಡಿಗೆ ಫಿನ್ಸ್ ಕೊಡುತ್ತದೆ. ಆದ್ದರಿಂದ ತೂಕಕ್ಕೆ ಹಾಕುವ ಮುನ್ನ ಚೀಲ ಸರಿಸಿ ಒಮ್ಮೆ ನೋಡಿ. ಆರ್‌ಸಿ ಪುಸ್ತಕ ಹುಡುಕಿ ಇಡಿ, 15 ವರ್ಷ ದಾಟಿದ ಗಾಡಿಗೆ ನೋಂದಣಿ ನವೀಕರಿಸಲು ಅದು ಬೇಕು. ಮುರಿದು ಬಿದ್ದ ಫಿನ್ಸ್ ಚೂರು ಸಿಕ್ಕರೆ ಅದನ್ನೂ ಎಸೆಯಬೇಡಿ, ಒಂದು ಡಬ್ಬಿಗೆ ಹಾಕಿಡಿ.