ಹ್ಯಾನಿಬಲ್ ರೋಮನ್ನರನ್ನು ಸೋಲಿಸಿದ್ದು ಭಾರತದ ಆನೆಗಳಿಂದಲೇ?

ಹಿಮ ತುಂಬಿದ ಆಲ್ಪ್ಸ್ ಪರ್ವತ, ಅದನ್ನು ಹತ್ತುತ್ತಿರುವ ಆನೆಗಳ ಸಾಲು, ಕೆಳಗೆ ‘ರೋಮನ್ನರನ್ನು ನಡುಗಿಸಿದ್ದು ಭಾರತದ ಆನೆಗಳು, ಭಾರತದ ಮಾವುತರು’ ಎಂಬ ಬರಹ. ಇಂಥ ಫಾರ್ವರ್ಡ್ ನಿಮಗೂ ಬಂದರೆ ಹಂಚುವ ಮೊದಲು ಇದನ್ನು ಓದಿ. ಅದರಲ್ಲಿ ನಿಜ ಇದೆ, ಆದರೆ ಸ್ವಲ್ಪವೇ.

ಹ್ಯಾನಿಬಲ್ ಕಾರ್ಥೇಜಿನ ಸೇನಾಪತಿ. ಕಾರ್ಥೇಜ್ ಇದ್ದದ್ದು ಉತ್ತರ ಆಫ್ರಿಕಾದ ಇಂದಿನ ಟುನಿಷಿಯಾದಲ್ಲಿ. ಕ್ರಿ.ಪೂ. 218ರಲ್ಲಿ ಅವನು ಸ್ಪೇನ್‌ನಿಂದ ಹೊರಟು ಆಲ್ಪ್ಸ್ ದಾಟಿ ಇಟಲಿಗೆ ಇಳಿದದ್ದು ನಿಜ. ಜೊತೆಗಿದ್ದ ಆನೆಗಳು 37. ದಾರಿಯಲ್ಲಿ ರೋನ್ ನದಿ ದಾಟಿಸಲು ತೆಪ್ಪಗಳ ಮೇಲೆ ಮಣ್ಣು ಹರಡಿ, ನೆಲವೇ ಎಂದು ಆನೆಗಳನ್ನು ನಂಬಿಸಬೇಕಾಯಿತು. ಕೆಲವು ಬೆದರಿ ನೀರಿಗೆ ಬಿದ್ದವು. ಮಾವುತರು ಮುಳುಗಿ ಸತ್ತರು, ಆನೆಗಳು ಸೊಂಡಿಲು ಮೇಲೆತ್ತಿ ದಡ ಸೇರಿದವು ಎಂದು ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ಬರೆದಿದ್ದಾನೆ.

ಆ ಮಾವುತರಿಗೆ ಅವನು ಬಳಸಿದ ಪದವೇ ಗೊಂದಲದ ಮೂಲ: ‘ಇಂಡೋಸ್’, ಅಂದರೆ ಭಾರತೀಯ. ಗ್ರೀಕರು ಯುದ್ಧದ ಆನೆಗಳನ್ನೂ ಮಾವುತರನ್ನೂ ಮೊದಲು ಕಂಡದ್ದು ಭಾರತದ ಕಡೆಯವರಲ್ಲಿ. ಹಾಗಾಗಿ ಮಾವುತ ಯಾವ ಊರಿನವನಾದರೂ ಆ ಹೆಸರೇ ಉಳಿಯಿತು. ನಾವು ಯಾವ ಕಂಪನಿಯ ಮಷೀನಿನಲ್ಲಿ ತೆಗೆದರೂ ‘ಜೆರಾಕ್ಸ್’ ಅನ್ನುತ್ತೇವಲ್ಲ, ಹಾಗೆ. ಇನ್ನು ಆನೆಗಳು: ಆ ಕಾಲದ ಕಾರ್ಥೇಜಿನ ನಾಣ್ಯಗಳಲ್ಲಿ ಕಾಣುವುದು ಅಗಲ ಕಿವಿಯ, ತಗ್ಗು ಬೆನ್ನಿನ ಆಫ್ರಿಕಾದ ಆನೆ. ಉತ್ತರ ಆಫ್ರಿಕಾದಲ್ಲಿದ್ದ ಆ ಆನೆಗಳು ಈಗ ಪೂರ್ತಿ ನಶಿಸಿವೆ. ‘ಸುರುಸ್’ ಎಂಬ ಒಂದು ಆನೆಯ ಹೆಸರಿಗೆ ಸಿರಿಯಾದ್ದು ಎಂಬ ಅರ್ಥ ಬರುವುದರಿಂದ, ಅದೊಂದು ಏಷ್ಯಾದ ಆನೆ ಇದ್ದೀತು ಎಂದು ಕೆಲವರು ಊಹಿಸುತ್ತಾರೆ. ಅಷ್ಟೇ.

ಗೆಲುವಿನ ಲೆಕ್ಕಕ್ಕೆ ಬಂದರೆ ಫಾರ್ವರ್ಡ್ ಇನ್ನೂ ಸಡಿಲ. ಇಟಲಿಯ ಮೊದಲ ಚಳಿಗಾಲದಲ್ಲೇ, ಟ್ರೆಬಿಯಾ ಕದನದ ನಂತರ, ಒಂದನ್ನು ಬಿಟ್ಟು ಉಳಿದ ಆನೆಗಳೆಲ್ಲ ಚಳಿಗೆ ಸತ್ತವು. ಕ್ರಿ.ಪೂ. 216ರಲ್ಲಿ ಕ್ಯಾನೆಯಲ್ಲಿ ಹ್ಯಾನಿಬಲ್ ಸುಮಾರು 50,000 ಜನರೊಂದಿಗೆ ತನಗಿಂತ ಬಹಳ ದೊಡ್ಡ ರೋಮನ್ ಸೇನೆಯನ್ನು ಸುತ್ತುವರಿದು ನಾಶ ಮಾಡಿದಾಗ ಕಣದಲ್ಲಿ ಆನೆಯೇ ಇರಲಿಲ್ಲ. ಕೆಲಸ ಮಾಡಿದ್ದು ಕುದುರೆ ಸವಾರರು. ರೋಮ್ ನಗರವನ್ನಂತೂ ಅವನು ಹಿಡಿಯಲೇ ಇಲ್ಲ.

ಅವನ ಬಳಿ ಅತಿ ಹೆಚ್ಚು, ಅಂದರೆ 80ಕ್ಕೂ ಹೆಚ್ಚು ಆನೆಗಳಿದ್ದದ್ದು ಕ್ರಿ.ಪೂ. 202ರ ಜಾಮಾ ಯುದ್ಧದಲ್ಲಿ. ಅಲ್ಲೇ ಅವನು ಸೋತ! ರೋಮನ್ ಸೇನಾಪತಿ ಸಿಪಿಯೋ ತನ್ನ ಸಾಲುಗಳ ನಡುವೆ ಓಣಿಗಳನ್ನು ಬಿಟ್ಟಿದ್ದ. ಕೆಲವು ಆನೆಗಳು ಅದರಲ್ಲೇ ನುಗ್ಗಿ ಹೋದವು, ಕೆಲವು ಕಹಳೆಯ ಸದ್ದಿಗೆ ಬೆದರಿ ಹ್ಯಾನಿಬಲ್‌ನ ಸವಾರರ ಮೇಲೆಯೇ ತಿರುಗಿಬಿದ್ದವು.

ಈ ಯುದ್ಧವನ್ನು ತೀರ್ಮಾನಿಸಿದವರಲ್ಲಿ ಫಾರ್ವರ್ಡ್‌ಗಳು ಮರೆಯುವ ಇನ್ನೊಬ್ಬ ಆಫ್ರಿಕನ್ ಇದ್ದಾನೆ: ಇಂದಿನ ಅಲ್ಜೀರಿಯಾ ಭಾಗದ ನುಮಿಡಿಯಾದ ರಾಜ ಮಸಿನಿಸ್ಸಾ. ಮೊದಲು ಸ್ಪೇನ್‌ನಲ್ಲಿ ಕಾರ್ಥೇಜಿನ ಪರ ಹೋರಾಡಿದ್ದ ಅವನು, ಆಮೇಲೆ ಪಕ್ಷ ಬದಲಿಸಿ 4,000 ಸವಾರರನ್ನೂ 6,000 ಕಾಲಾಳುಗಳನ್ನೂ ಸಿಪಿಯೋಗೆ ತಂದ. ಅವನ ಮತ್ತು ರೋಮನ್ನರ ಸವಾರರು ಹಿಂದಿನಿಂದ ಬಂದು ಎರಗಿದಾಗ ಹ್ಯಾನಿಬಲ್‌ನ ಸೇನೆ ಕುಸಿಯಿತು. ಸಂಧಿಯಲ್ಲಿ ಕಾರ್ಥೇಜ್ ತನ್ನ ಆನೆಗಳನ್ನೆಲ್ಲ ರೋಮ್‌ಗೆ ಒಪ್ಪಿಸಬೇಕಾಯಿತು. ಮಸಿನಿಸ್ಸಾ ಕ್ರಿ.ಪೂ. 148ರವರೆಗೆ ರೋಮ್‌ನ ಗೆಳೆಯನಾಗಿ ಆಳಿದ. ಆದರೆ ಅವನ ಮೊಮ್ಮಗ ಜುಗುರ್ಥ ಮುಂದೆ ಅದೇ ರೋಮ್ ವಿರುದ್ಧ ವರ್ಷಗಟ್ಟಲೆ ಯುದ್ಧ ಮಾಡಿದ.