ಎರಿ ಹೊಲದಾಗ ಬೆಳೀತಿದ್ದ ಕೆಂಪು ಬಣ್ಣ

ಈ ಸಲ ಔಷಧ, ಗೊಬ್ಬರ, ರೇಟು ಬಿಟ್ಟು ಸ್ವಲ್ಪ ಇತಿಹಾಸ ಬರೀತೀನಿ. ಉದ್ದ ಐತಿ, ಸಮಾಧಾನದಿಂದ ಓದ್ರಿ. ಕಡೀಗೆ ನಮ್ಮ ಹೊಲಕ್ಕ ಸಂಬಂಧಪಟ್ಟ ಮಾತೂ ಐತಿ.

ಧಾರವಾಡ, ಗದಗ, ವಿಜಯಪುರ ಕಡೆಯ ಎರಿ ಹೊಲ ಅಂದ್ರ ನಮಗ ಗೊತ್ತಿರೋದು ಹತ್ತಿ, ಬಿಳಿಜೋಳ, ಕಡ್ಲಿ, ಕುಸುಬಿ, ಗೋದಿ. ಆದರೆ ನೂರೈವತ್ತು ವರ್ಷದ ಹಿಂದೆ ಇದೇ ಮಣ್ಣಿನಲ್ಲಿ ಬಣ್ಣವನ್ನೂ ಬೆಳೆಯುತ್ತಿದ್ದರು. ಅದರಲ್ಲಿ ಮುಖ್ಯವಾದದ್ದು ಮಡ್ಡಿ ಬೇರು. ಮರಾಠಿ ಸೀಮೆ ಕಡೆ ಇದಕ್ಕೆ ಸುರಂಜಿ ಅನ್ನುತ್ತಿದ್ದರು, ಹಿಂದಿಯವರು ಆಲ್ ಅನ್ನುತ್ತಿದ್ದರು. ಕಾಡಿನ ಮತ್ತಿ ಮರ ಅಂತ ತಿಳೀಬ್ಯಾಡ್ರಿ, ಇದು ಬೇರೆ. ಇವತ್ತು ಬಾಟಲಿಯೊಳಗ ನೋನಿ ಜ್ಯೂಸ್ ಅಂತ ಮಾರತಾರಲ್ಲ, ಆ ನೋನಿ ಗಿಡಾನೇ ಇದು. ಈಗ ಹಣ್ಣಿಗೆ ಬೆಲೆ, ಆವಾಗ ಬೇರಿಗೆ ಬೆಲೆ.

ಮಡ್ಡಿ ಮೂರು-ನಾಲ್ಕು ವರ್ಷದ ಬೆಳೆ. ಬೀಜ ಹಾಕಿದ ಮೇಲೆ ಅಷ್ಟು ದಿನ ಹೊಲ ಅದಕ್ಕೇ ಮೀಸಲು. ಆಮೇಲೆ ಆಳಕ್ಕೆ ಅಗೆದು ಬೇರು ತೆಗೆಯಬೇಕು. ದೊಡ್ಡ ಕೂಲಿಯ ಕೆಲಸ. ಆದರೆ ಆ ಅಗೆತದಲ್ಲಿ ಕರಿಕೆ ಬುಡಸಮೇತ ಕಿತ್ತು ಹೋಗಿ ಹೊಲ ಸ್ವಚ್ಛ ಆಗುತ್ತಿತ್ತು. ಕರಿಕೆ ಕಾಟ ಏನು ಅನ್ನೋದು ಎರಿ ಹೊಲದವರಿಗೆ ಹೇಳೋದು ಬ್ಯಾಡ. ತೆಗೆದ ಬೇರನ್ನು ದಪ್ಪ, ನಡು, ಸಣ್ಣ ಅಂತ ವಿಂಗಡಿಸುತ್ತಿದ್ದರು. ಸಣ್ಣ ಬೇರಿನ ತೊಗಟೆಯಲ್ಲೇ ಬಣ್ಣ ಹೆಚ್ಚು, ಅದಕ್ಕೇ ಬೆಲೆ ಹೆಚ್ಚು. ಅರ್ಧ ಇಂಚಿಗಿಂತ ದಪ್ಪದ ಬೇರು ಬಣ್ಣದವರಿಗೆ ಬೇಡವಾಗಿತ್ತು. ಗಿಡ ಬಹಳ ವರ್ಷ ಬಿಟ್ಟರೆ ಮರ ಆಗಿ, ಬೇರಿನ ಬೆಲೆಯೇ ಹೋಗುತ್ತಿತ್ತು. ಹಂಗಾಗಿ ಯಾವಾಗ ಕೀಳಬೇಕು ಅನ್ನೋದರಲ್ಲೇ ರೈತನ ಲೆಕ್ಕ ಇತ್ತು.

ಈ ಬಣ್ಣ ಹೋಗುತ್ತಿದ್ದದ್ದು ನೂಲಿಗೆ. ಆಗ ನಮ್ಮ ಕಡೆ ಜವಾರಿ ಹತ್ತಿ. ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದ ಕಾರಣ ವ್ಯಾಪಾರದಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರು ಬಿತ್ತು. ಎಳೆ ಗಿಡ್ಡ. ಮನೆಯಲ್ಲಿ ಬೀಜ ಬಿಡಿಸಿ, ಬಿಲ್ಲಿನಿಂದ ಹಿಂಜಿ, ಹಂಜಿ ಮಾಡಿ, ರಾಟಿಯ ಕದಿರಿನ ಮೇಲೆ ಹೆಣ್ಣುಮಕ್ಕಳು ನೂಲುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಕೂಲಿ ಇಲ್ಲದ ದಿನಗಳಲ್ಲಿ ಮನೆಗೆ ನಾಲ್ಕು ಕಾಸು ಬರುತ್ತಿದ್ದದ್ದು ಇದರಿಂದ. ಕೈನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಬರತೈತಿ. ಹುರಿ ಸಡಿಲ ಇರೋ ಕಡೆ ಬಣ್ಣ ಚಲೋ ಹೀರತೈತಿ, ಬಿಗಿ ಇರೋ ಕಡೆ ಕಡಿಮೆ. ಹಿಂಗಾಗಿ ಒಂದೇ ಲಡಿಯಲ್ಲಿ ಗಾಢ-ತಿಳಿ ಎರಡೂ ಕಾಣತಾವ. ಗಿರಣಿ ನೂಲು ಬಂದಾಗ ಇದನ್ನೇ ದೋಷ ಅಂತ ಬದಿಗಿಟ್ಟರು. ಇವತ್ತು ಅಲಂಕಾರದ ನೂಲು ಅಂತ ಬೇಕಂತಲೇ ದಪ್ಪ-ಸಣ್ಣ ನೂತು, ಕೈಯಿಂದ ಬಣ್ಣ ಹಾಕಿ, ಲಡಿಯ ಲೆಕ್ಕದಲ್ಲಿ ಹೆಚ್ಚಿನ ಬೆಲೆಗೆ ಮಾರುತ್ತಾರೆ.

ಹತ್ತಿ ನೂಲಿಗೆ ಕೆಂಪು ಹಿಡಿಸೋದು ಸುಲಭ ಇರಲಿಲ್ಲ. ಉಣ್ಣೆ, ರೇಷ್ಮೆ ಬೇಗ ಬಣ್ಣ ಹಿಡಿಯುತ್ತವೆ, ಹತ್ತಿ ಹಿಡಿಯುವುದಿಲ್ಲ. ಅದಕ್ಕೆ ಮೊದಲು ನೂಲನ್ನು ಎಣ್ಣೆ, ಬೂದಿಯ ಖಾರನೀರು, ಕುರಿ ಹಿಕ್ಕಿ ಇವುಗಳ ಜೋಡಿ ನೆನೆಸಿ, ತುಳಿದು, ಬಿಸಿಲಿಗೆ ಹಾಕಿ, ಮತ್ತೆ ನೆನೆಸಿ, ಹೀಗೆ ಎಷ್ಟೋ ದಿನ ಮಾಡುತ್ತಿದ್ದರು. ಆಮೇಲೆ ಪಟಿಕದ ನೀರು. ಕಡೆಗೆ ಮಡ್ಡಿ ಬೇರಿನ ಪುಡಿ ಹಾಕಿದ ನೀರಲ್ಲಿ ನಿಧಾನಕ್ಕೆ ಕಾಯಿಸೋದು. ಎಣ್ಣೆ ಮತ್ತು ಪಟಿಕ ಸೇರಿ ಎಳೆಯೊಳಗೆ ಕೂತು, ಬೇರಿನ ಬಣ್ಣವನ್ನು ಹಿಡಿದಿಡುತ್ತವೆ. ಹಿಂಗ ಹಾಕಿದ ಕೆಂಪು, ಅರಿವೆ ಹರಿದರೂ ಹೋಗುತ್ತಿರಲಿಲ್ಲ.

ಇದರ ಬಗ್ಗೆ ಒಂದು ಸಂಗತಿ ಕೇಳ್ರಿ. 1840ರ ದಶಕದಲ್ಲಿ ಸುರಂಜಿ ಬೇರನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋಕ್ಕೆ ಒಯ್ದರು. ಅಲ್ಲಿನ ಬಣ್ಣದ ಕಾರ್ಖಾನೆಯವರು ತಮ್ಮ ರೀತಿಯಲ್ಲಿ ಪರೀಕ್ಷೆ ಮಾಡಿ, ಇದು ಬಣ್ಣದ ಬೇರೇ ಅಲ್ಲ ಅಂದುಬಿಟ್ಟರು. ಥಾಮಸ್ ಆಂಡರ್ಸನ್ ಅನ್ನೋ ರಸಾಯನಶಾಸ್ತ್ರಜ್ಞ ಎಣ್ಣೆ ಕುಡಿಸಿದ ಬಟ್ಟೆಯ ಮೇಲೆ ಹಾಕಿ ನೋಡಿದ. ಗಟ್ಟಿ ಕೆಂಪು ಬಂತು. ಬೇರಿನಿಂದ ತೆಗೆದ ವಸ್ತುವಿಗೆ ಮೊರಿಂಡಿನ್ ಅಂತ ಹೆಸರಿಟ್ಟ. ಬೇರು ಒಯ್ದರೆ ಸಾಲದು, ಅದರ ಜೋಡಿ ನಮ್ಮ ಬಣ್ಣದವರ ವಿದ್ಯೆಯೂ ಬೇಕಿತ್ತು.

ನೀಲಿ ಬಣ್ಣದ್ದೂ ಹಂಗ. ನೀಲಿ ಗಿಡದ ಉಂಡೆ ನೀರಿನಲ್ಲಿ ಕರಗುವುದಿಲ್ಲ. ಅದನ್ನು ಸುಣ್ಣದ ಜೋಡಿ ಮಡಿಕೆಯಲ್ಲಿ ಹುಳಿ ಬರಿಸಬೇಕು. ಅದಕ್ಕೆ ಹಾಕುತ್ತಿದ್ದದ್ದು ಬೇಯಿಸಿದ ತಗಚಿ ಬೀಜ. ಮಳೆಗಾಲದಲ್ಲಿ ರಸ್ತೆ ಬದಿ, ಬದುವಿನ ಮೇಲೆ ಏಳುವ ಅದೇ ತಗಚಿ, ನಾವು ಕಳೆ ಅಂತ ಕೀಳೋದು. ಹುಳಿ ಬಂದ ಮೇಲೆ ನೂಲು ಅದ್ದಿ ತೆಗೆದರೆ ಮೊದಲು ಹಸಿರು-ಹಳದಿ ಕಾಣತೈತಿ, ಗಾಳಿ ತಾಕಿದಂಗ ಕಣ್ಣೆದುರೇ ನೀಲಿ ಆಗತೈತಿ. ಈ ಕಸುಬಿನವರನ್ನು ನೀಲಗಾರರು ಅನ್ನುತ್ತಿದ್ದರು. ನಮ್ಮ ಕಡೆ ಆ ಅಡ್ಡಹೆಸರು ಇನ್ನೂ ಐತಿ, ಕಸುಬು ಇಲ್ಲ.

ಇನ್ನು ಕುಸುಬಿ. ನಾವು ಎಣ್ಣೆಗೆ ಬಿತ್ತತೀವಿ. ಅಣ್ಣಿಗೇರಿಯ ಎ-1 ತಳಿ ಬಿತ್ತದ ಹಳೆಯ ರೈತ ಈ ಭಾಗದಲ್ಲಿ ಸಿಗೋದು ಕಷ್ಟ. ಆದರೆ ಕುಸುಬಿ ದಳವೂ ಒಂದು ಕಾಲಕ್ಕೆ ಮಾರಾಟದ ಮಾಲು. ದಳದಲ್ಲಿ ಎರಡು ಬಣ್ಣ ಅದಾವ. ಹಳದಿ ನೀರಲ್ಲೇ ತೊಳೆದು ಹೋಗತೈತಿ. ಅದು ಪೂರಾ ಹೋದ ಮೇಲೆ ಖಾರದ ನೀರಲ್ಲಿ ಹಿಂಡಿದರೆ ಕೆಂಪು ಬಿಡತೈತಿ. ಅದಕ್ಕೆ ನಿಂಬೆ ಹುಳಿ ಬಿದ್ದರೆ ನೂಲಿಗೆ ಗುಲಾಬಿ, ಕೆಂಪು ಕೂಡತೈತಿ. ನೂರು ಕೆ.ಜಿ. ದಳದಲ್ಲಿ ಈ ಕೆಂಪು ಒಂದು ಕೆ.ಜಿ. ಕೂಡ ಇರೋದಿಲ್ಲ. ಬಿಸಿಲಿಗೆ, ತೊಳೆತಕ್ಕೆ ನಿಲ್ಲೋದೂ ಇಲ್ಲ. ಆದರೂ ಮದುವೆ, ಹಬ್ಬದ ರುಮಾಲಿಗೆ ಅದೇ ಬೇಕಿತ್ತು.

ಇಷ್ಟೆಲ್ಲ ಇದ್ದದ್ದು ಹೋಯ್ತು ಹೆಂಗ? ಮೂರು ಹೊಡೆತ ಬಿದ್ದವು.

ಮೊದಲನೇದು ನೂಲಿಗೆ. ಇಂಗ್ಲೆಂಡಿನ ಗಿರಣಿ ನೂಲು ಅಗ್ಗಕ್ಕೆ ಬಂತು. 1840ರ ದಶಕದಲ್ಲಿ ಆ ಗಿರಣಿಗಳಿಗೆ ಅನುಕೂಲ ಆಗುವ ಉದ್ದ ಎಳೆಯ ಅಮೆರಿಕನ್ ಹತ್ತಿಯನ್ನು ಧಾರವಾಡ ಸೀಮೆಯಲ್ಲಿ ಬೆಳೆಸಲು ಶುರು ಮಾಡಿದರು. 1880ರ ದಶಕದಲ್ಲಿ ರೈಲು ಬಂತು, ಗೋಕಾಕ ಫಾಲ್ಸ್‌ನಲ್ಲಿ ನೂಲಿನ ಗಿರಣಿಯೂ ನಿಂತಿತು. ರಾಟಿ ಅಟ್ಟ ಹತ್ತಿತು.

ಎರಡನೇದು ಕೆಂಪಿಗೆ. 1868ರಲ್ಲಿ ಜರ್ಮನಿಯ ಗ್ರೇಬ, ಲೀಬರ್ಮನ್ ಅನ್ನೋ ಇಬ್ಬರು ಕಲ್ಲಿದ್ದಲ ಡಾಂಬರಿನಿಂದ ಸಿಗುವ ವಸ್ತುವಿನಿಂದ ಅಲಿಜರಿನ್ ಅನ್ನೋ ಕೆಂಪು ತಯಾರಿಸಿದರು. ಒಂದೆರಡು ವರ್ಷದಲ್ಲೇ ಕಾರ್ಖಾನೆ ಮಾಲು ಹೊರಬಂತು. ಮೂರು ವರ್ಷ ಕಾಯೋದಿಲ್ಲ, ಅಗೆಯೋದಿಲ್ಲ, ಬೇರು ವಿಂಗಡಿಸೋದಿಲ್ಲ. ನಮ್ಮ ಮಡ್ಡಿ ಒಂದೇ ಅಲ್ಲ, ಫ್ರಾನ್ಸಿನ ಅವಿನ್ಯೋ ಸುತ್ತಮುತ್ತ ಇಂಥದ್ದೇ ಕೆಂಪು ಬೇರು ಬೆಳೆಯುತ್ತಿದ್ದ ರೈತರೂ ಹತ್ತು-ಹದಿನೈದು ವರ್ಷದಲ್ಲಿ ಆ ಬೆಳೆ ಬಿಡಬೇಕಾಯಿತು.

ಮೂರನೇದು ನೀಲಿಗೆ. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕಾರ್ಖಾನೆಯ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಭಾರತದ ನೀಲಿ ಬೆಳೆ ಮೊದಲನೇ ಮಹಾಯುದ್ಧದ ಹೊತ್ತಿಗೆ ಬಹುಪಾಲು ಮುಗಿದಿತ್ತು.

ಇದರಲ್ಲಿ ಗಮನಿಸೋ ಮಾತು ಒಂದೈತಿ. ಮಡ್ಡಿ ಬೆಳೆದ ರೈತ ಬೆಳೆ ಕೆಡಿಸಲಿಲ್ಲ. ಮಳೆ ಕೈಕೊಡಲಿಲ್ಲ, ರೋಗ ಬರಲಿಲ್ಲ. ಎಲ್ಲಿಯೋ ಒಂದು ಪ್ರಯೋಗಶಾಲೆಯಲ್ಲಿ ಕೆಲಸ ಆಯ್ತು, ಇಲ್ಲಿ ಬೇರು ಕೇಳುವವರು ಇಲ್ಲವಾದರು. ಮೂರನೇ ವರ್ಷದ ಬೆಳೆ ನೆಲದಾಗಿದ್ದವನ ಗತಿ ಏನಾಗಿರಬೇಕು, ನೀವೇ ವಿಚಾರ ಮಾಡ್ರಿ.

ಇದು ಹಳೇ ಕತೆ ಅನ್ನಬ್ಯಾಡ್ರಿ. ಹುಬ್ಬಳ್ಳಿ ಬೆಂಗೇರಿಯಲ್ಲಿ 1957ರಲ್ಲಿ ಶುರುವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ನಮಗೆಲ್ಲ ಗೊತ್ತು. ರಾಷ್ಟ್ರಧ್ವಜಕ್ಕೆ ಖಾದಿಯೇ ಬೇಕು ಅನ್ನೋ ನಿಯಮ ಇದ್ದದ್ದರಿಂದ ಕೈನೂಲಿನವರಿಗೆ, ನೇಯುವವರಿಗೆ, ಬಣ್ಣ ಹಾಕುವವರಿಗೆ ಒಂದು ಖಾತ್ರಿ ಇತ್ತು. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದುಪಡಿ ಆಗಿ ಯಂತ್ರದ ಬಟ್ಟೆ, ಪಾಲಿಯೆಸ್ಟರ್‌ಗೂ ಅವಕಾಶ ಸಿಕ್ಕಿತು. ಒಂದೇ ನಿಯಮದ ಮೇಲೆ ನಿಂತ ದುಡಿಮೆ ಆ ನಿಯಮ ಬದಲಾದ ದಿನ ಅಲುಗಾಡತೈತಿ.

ಈಗ ಮತ್ತೆ ಗಿಡದ ಬಣ್ಣಕ್ಕೆ ಬೇಡಿಕೆ ಬಂದೈತಿ. ಸಾಗರ ತಾಲ್ಲೂಕಿನ ಹೆಗ್ಗೋಡು ಹತ್ತಿರದ ಚರಕ ಮಹಿಳಾ ಸಹಕಾರ ಸಂಘದವರು ಅಡಿಕೆ ಚೊಗರು, ದಾಳಿಂಬೆ ಸಿಪ್ಪೆ ಬಳಸಿ ಬಣ್ಣ ಹಾಕಿದ ಕೈಮಗ್ಗದ ಬಟ್ಟೆ ಮಾಡತಾರ. ಅಡಿಕೆ ಬೇಯಿಸಿದ ಮೇಲೆ ಉಳಿಯುವ ನೀರು ಅಲ್ಲಿ ಬಣ್ಣ ಆಗೈತಿ. ನಮ್ಮ ಕಡೆಯೂ ಕೆಲವು ಊರಿಗೆ ಏಜೆಂಟರು ಬಂದು, ಬಣ್ಣದ ಗಿಡ ಹಾಕ್ರಿ, ವಾಪಸ್ ನಾವೇ ಕೊಳ್ಳತೀವಿ, ಸಸಿ ರೊಕ್ಕ ಮೊದಲು ಕೊಡ್ರಿ ಅನ್ನಲಿಕ್ಕೆ ಹತ್ಯಾರ. ಇಬ್ಬರು-ಮೂವರು ನನ್ನ ಕೇಳಿದ್ದಕ್ಕೇ ಇಷ್ಟೆಲ್ಲ ಬರೆದದ್ದು.

ನನ್ನ ಅಭಿಪ್ರಾಯ ಇಷ್ಟು. ಒಬ್ಬನೇ ಖರೀದಿದಾರನ ಮಾತಿನ ಮೇಲೆ ಮೂರು ವರ್ಷದ ಬೆಳೆಗೆ ಹೊಲ ಕೊಡಬ್ಯಾಡ್ರಿ. ಮಡ್ಡಿ ಕಲಿಸಿದ್ದು ಅದನ್ನೇ. ಅದೇ, ಹೊಲಕ್ಕ ಖರ್ಚಿಲ್ಲದೆ ಸಿಗೋ ಬಣ್ಣ ಬಹಳ ಅದಾವ. ದಾಳಿಂಬೆ ಸಿಪ್ಪೆ ಪಟಿಕದ ಜೋಡಿ ಹಳದಿ ಕೊಡತೈತಿ, ಕಬ್ಬಿಣದ ನೀರು ಬಿದ್ದರೆ ಬೂದು-ಕಪ್ಪು. ಉಳ್ಳಾಗಡ್ಡಿ ಸಿಪ್ಪೆ ಕಂದು-ಹಳದಿ. ರೇಟು ಬಿದ್ದು ತಿಪ್ಪೆಗೆ ಹಾಕೋ ಚೆಂಡು ಹೂವಿನಿಂದ ಚಲೋ ಹಳದಿ. ಕುಸುಬಿ ಕಾಳು ಕಟ್ಟಿದ ಮೇಲೆ ಒಣಗಿದ ದಳ ಆರಿಸಿಕೊಂಡರೆ ಎಣ್ಣೆಗೆ ನಷ್ಟ ಇಲ್ಲ. ಮುಳ್ಳಿನ ಕಾಟ ಐತಿ, ಕೂಲಿ ಲೆಕ್ಕ ಹಾಕಿಯೇ ಇಳೀರಿ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಇವನ್ನು ಒಣಗಿಸಿ, ತೂಕ ಮಾಡಿ, ಎರಡು-ಮೂರು ಕಡೆ ಬಣ್ಣದವರಿಗೆ ಮಾದರಿ ಕಳಿಸಿ ನೋಡಬಹುದು. ಮಾರಾಟ ಆಗದಿದ್ದರೂ ಗೊಬ್ಬರದ ಗುಂಡಿ ಹೆಂಗೂ ಐತಿ.

ನಿಮ್ಮ ಊರಾಗ ಮಡ್ಡಿ ಹೊಲ, ನೀಲಗಾರರ ಓಣಿ, ನೀಲಿ ಗುಂಡಿ ಅಂತ ಹಳೇ ಹೆಸರು ಇದ್ದರ ತಿಳಿಸ್ರಿ. ಉತಾರದಾಗ ಹೊಲದ ಹೆಸರು ನೋಡ್ರಿ, ಹಿರಿಯರನ್ನು ಕೇಳ್ರಿ. ಸರ್ವೆ ನಂಬರ್ ಬ್ಯಾಡ, ಊರು ಮತ್ತು ಹೆಸರು ಸಾಕು. ಎಲ್ಲ ಕೂಡಿಸಿ ಇಲ್ಲೇ ಬರೀತೀನಿ.